ಸೇರಿ ಮನೆ ಕಟ್ಟುವುದಾದರೆ ಜಮೀನು ಯಾರ ಹೆಸರಿಗೆ? ಬೆಂಗಳೂರಿನ ಕುಟುಂಬಗಳಿಗೆ ಐದು ದಾರಿಗಳ ಹೋಲಿಕೆ

ಎಂಟು ಹತ್ತು ಕುಟುಂಬಗಳು ಸೇರಿ ಒಂದೇ ಆವರಣದಲ್ಲಿ ಮನೆ ಮಾಡಿಕೊಳ್ಳೋಣ ಎಂದು ಕೂತಾಗ ಮಾತು ಸಾಮಾನ್ಯವಾಗಿ ಒಟ್ಟಿಗೆ ಊಟ ಮಾಡುವ ಕೋಣೆ, ಕೈತೋಟ, ಮಕ್ಕಳು ಓಡಾಡುವ ಜಾಗದಿಂದ ಶುರುವಾಗುತ್ತದೆ. ಜಮೀನು ಯಾರ ಹೆಸರಿಗೆ ಎಂಬ ಪ್ರಶ್ನೆ ಬರುವ ಹೊತ್ತಿಗೆ ಮುಂಗಡ ಕೊಟ್ಟಾಗಿರುತ್ತದೆ. ಈ ಕ್ರಮ ತಿರುವುಮುರುವಾಗಬೇಕು. ಬ್ಯಾಂಕು ಸಾಲ ಕೊಡುತ್ತದೋ ಇಲ್ಲವೋ, ಒಬ್ಬರು ಬಿಟ್ಟು ಹೋದರೆ ಏನು, ಯಜಮಾನರು ತೀರಿಕೊಂಡರೆ ಮನೆ ಯಾರಿಗೆ, ಹದಿನೈದು ವರ್ಷದ ಮೇಲೂ ಆ ಮನೆ ಸಾಮಾನ್ಯ ಸಂಬಳದವರ ಕೈಗೆ ಎಟಕುತ್ತದೋ, ಇವೆಲ್ಲ ತೀರ್ಮಾನವಾಗುವುದು ಕ್ರಯಪತ್ರದಲ್ಲಿ ಬರೆಸುವ ಆ ಒಂದು ಹೆಸರಿನಿಂದ.

ಮೊದಲು ಲೆಕ್ಕ

60×90 ಅಡಿಯ ಒಂದು ನಿವೇಶನ ತೆಗೆದುಕೊಳ್ಳಿ, 5,400 ಚದರಡಿ. ರಸ್ತೆಯ ಅಗಲ ನೋಡಿ ನಿಮಗೆ 1.75 ಎಫ್‌ಎಆರ್ (ನಿವೇಶನದ ವಿಸ್ತೀರ್ಣದ ಎಷ್ಟು ಪಟ್ಟು ಕಟ್ಟಬಹುದು ಎಂಬ ಮಿತಿ) ಸಿಕ್ಕಿತು ಎಂದಿಟ್ಟುಕೊಂಡರೆ ಕಟ್ಟಬಹುದಾದದ್ದು 9,450 ಚದರಡಿ. ತಲಾ 950 ಚದರಡಿಯ ಎಂಟು ಮನೆಗೆ 7,600 ಹೋಯಿತು. ಮೆಟ್ಟಿಲು, ಲಿಫ್ಟು, ಓಡಾಟದ ಜಾಗಕ್ಕೆ 1,000. ಉಳಿದ 850 ಚದರಡಿ ಎಲ್ಲರ ಕೋಣೆಗೆ. ಒಂದು ದೊಡ್ಡ ಅಡುಗೆ ಕಟ್ಟೆ, ಕೈತೊಳೆಯುವ ಜಾಗ, ನೆಲದ ಮೇಲೆ ಎರಡು ಪಂಕ್ತಿಯಲ್ಲಿ ಇಪ್ಪತ್ತೈದು ಎಲೆ ಹಾಕುವಷ್ಟು ಸ್ಥಳ. ಆ ಕೋಣೆ ಎಲ್ಲರೂ ದಿನಾ ಹಾದುಹೋಗುವ ಮೆಟ್ಟಿಲ ಪಕ್ಕದಲ್ಲಿರಲಿ. ಮೇಲೆ ತಾರಸಿಯಲ್ಲಿ ಇಟ್ಟರೆ ಆರು ತಿಂಗಳಲ್ಲಿ ಹಳೇ ಸಾಮಾನು ತುಂಬುವ ಗೋಡೌನಾಗುತ್ತದೆ.

ಈಗ ದುಡ್ಡು. ದರಗಳು ಉದಾಹರಣೆಗೆ ಮಾತ್ರ, ನಿಮ್ಮ ಬಡಾವಣೆಯ ದರ ಹಾಕಿ ನೋಡಿ. ಜಮೀನು ಚದರಡಿಗೆ 7,000 ರೂ. ಆದರೆ 3.78 ಕೋಟಿ, ತಲಾ 47.25 ಲಕ್ಷ. ಮುದ್ರಾಂಕ ಶುಲ್ಕ ಶೇ. 5, ಅದರ ಮೇಲಿನ ಸೆಸ್ಸು ಸರ್‌ಚಾರ್ಜು ಸೇರಿ ಶೇ. 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 2. ಒಟ್ಟು ಶೇ. 7.6, ಅಂದರೆ ತಲಾ ಸುಮಾರು 3.6 ಲಕ್ಷ. ಕಟ್ಟಡ ಚದರಡಿಗೆ 2,500 ರೂ. ಆದರೆ ತಲಾ 29.5 ಲಕ್ಷ. ಸಾಮಾನು ಸಮೇತ ಕಂಟ್ರಾಕ್ಟು ಕೊಟ್ಟರೆ ಅವರ ಬಿಲ್ಲಿಗೆ ಶೇ. 18 ಜಿಎಸ್‌ಟಿ, ಇನ್ನೂ 5.3 ಲಕ್ಷ. ಒಟ್ಟು 85.7 ಲಕ್ಷದ ಹತ್ತಿರ. ಪಾರ್ಕಿಂಗಿನ ಕಂಬದ ಅಂತಸ್ತು, ಸಂಪು, ಪ್ಲಾನ್ ಶುಲ್ಕ ಇದರಲ್ಲಿ ಸೇರಿಲ್ಲ.

ಈ ಮೊತ್ತದಲ್ಲಿ ನೂರಕ್ಕೆ 59 ಪಾಲು ಜಮೀನು ಮತ್ತು ಅದರ ನೋಂದಣಿಯದೇ. ಸೇರಿ ಕಟ್ಟಿದರೆ ಬಿಲ್ಡರಿನ ಲಾಭ, ಜಾಹೀರಾತಿನ ಖರ್ಚು ಉಳಿಯುತ್ತದೆ ನಿಜ. ಜಿಎಸ್‌ಟಿ ಉಳಿಯುತ್ತದೆ ಎಂಬ ನಂಬಿಕೆ ಮಾತ್ರ ತಪ್ಪು. ಬಿಲ್ಡರ್ ಹತ್ತಿರ ಕಟ್ಟುತ್ತಿರುವ ಫ್ಲ್ಯಾಟಿಗೆ ಒಟ್ಟು ಬೆಲೆಯ ಶೇ. 5 ಕಟ್ಟುತ್ತೀರಿ, ಇಲ್ಲಿ ಕಟ್ಟಡದ ಭಾಗಕ್ಕೆ ಶೇ. 18, ಎರಡೂ ಹೆಚ್ಚು ಕಡಿಮೆ ಒಂದೇ ಮೊತ್ತಕ್ಕೆ ಬರುತ್ತವೆ. ಮನೆ ನಿಜವಾಗಿ ಅಗ್ಗವಾಗಬೇಕಾದರೆ ಜಮೀನಿನ ಬೆಲೆಯೇ ಇಳಿಯಬೇಕು, ಇಲ್ಲವೇ ಜಮೀನನ್ನು ಕೊಳ್ಳದೆ ಬಳಸುವಂತಾಗಬೇಕು. ಕೆಳಗಿನ ದಾರಿಗಳನ್ನು ಈ ಅಂಕಿ ಮನಸ್ಸಿನಲ್ಲಿಟ್ಟುಕೊಂಡೇ ನೋಡಿ.

ಒಂದನೇ ದಾರಿ: ತಲಾ ಅವಿಭಾಜ್ಯ ಪಾಲು

ಹನ್ನೆರಡು ಮನೆಯೊಳಗಿನ ಗುಂಪಿಗೆ ಇವತ್ತಿನ ಬೆಂಗಳೂರಿನಲ್ಲಿ ಇದೇ ನಡೆಯುವ ದಾರಿ. ಎಲ್ಲರೂ ಜಮೀನಿನಲ್ಲಿ ಗಡಿ ಹಾಕಿ ಬೇರ್ಪಡಿಸದ ತಮ್ಮ ತಮ್ಮ ಪಾಲು ಕೊಂಡು, ಒಂದೇ ಪ್ಲಾನಿನಲ್ಲಿ ಕಟ್ಟಿ, ಕೊನೆಗೆ 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಡಿ ಡೀಡ್ ಆಫ್ ಡಿಕ್ಲರೇಷನ್ (ಮನೆಗಳು, ಸಾಮಾನ್ಯ ಜಾಗ, ಯಾರ ಪಾಲು ಎಷ್ಟು ಎಂದು ಸಾರುವ ಘೋಷಣಾ ಪತ್ರ) ನೋಂದಾಯಿಸುತ್ತಾರೆ. ಈ ಕಾಯ್ದೆ ಪೂರ್ತಿ ವಾಸಕ್ಕಿರುವ ಕಟ್ಟಡಕ್ಕೆ. ರಸ್ತೆ ಕಡೆ ಒಂದು ಅಂಗಡಿ ಇಟ್ಟು ಬಾಡಿಗೆಯಿಂದ ಮೇಂಟೆನೆನ್ಸ್ ತೂಗಿಸೋಣ ಎಂಬ ಆಸೆ ಇದ್ದರೆ ಇಲ್ಲೇ ಕೈಬಿಡಿ.

ಇಲ್ಲಿ ಅಪಾಯವೆಲ್ಲ ಅಡಗಿರುವುದು ಜಮೀನು ಕೊಂಡ ದಿನದಿಂದ ಆ ಡೀಡ್ ನೋಂದಣಿಯಾಗುವವರೆಗಿನ ಎರಡು ಮೂರು ವರ್ಷದಲ್ಲಿ. ಡೀಡ್ ಆದ ಮೇಲೆ ಸಾಮಾನ್ಯ ಜಾಗವನ್ನು ಪಾಲು ಮಾಡಿಕೊಡಿ ಎಂದು ಯಾರೂ ಕೇಳುವಂತಿಲ್ಲ, ಕಾಯ್ದೆಯೇ ತಡೆಯುತ್ತದೆ. ಅದಕ್ಕೆ ಮೊದಲು ನೀವೆಲ್ಲ ಬರೀ ಸಹಮಾಲೀಕರು. ಯಾವುದೇ ಸಹಮಾಲೀಕರು ವಿಭಾಗ ದಾವೆ ಹೂಡಬಹುದು. ಒಬ್ಬರು ತೀರಿಕೊಂಡರೆ ತಾಯಿ, ಹೆಂಡತಿ, ಮಕ್ಕಳು ಎಲ್ಲರೂ ಆ ಪಾಲಿಗೆ ಬರುತ್ತಾರೆ. ಸೆಂಟ್ರಿಂಗ್ ಹೊಡೆದು ನಿಂತ ಕಟ್ಟಡದ ಪ್ಲಾನಿಗೆ ದೆಹಲಿಯಲ್ಲೋ ಡಲ್ಲಾಸಿನಲ್ಲೋ ಇರುವ ಮಗಳ ಸಹಿ ಬೇಕಾಗುತ್ತದೆ.

ಹಾಗಾಗಿ ಜಮೀನಿಗೆ ಮುಂಗಡ ಕೊಡುವ ಮೊದಲೇ ಸಹಮಾಲೀಕರ ಒಪ್ಪಂದ ಆಗಬೇಕು, ಅದು ವಾರಸುದಾರರಿಗೂ ಅನ್ವಯಿಸುತ್ತದೆ ಎಂದು ಬರೆಸಬೇಕು. ನಡುವೆ ಬಿಡುವವರಿಗೆ ಎಷ್ಟು ದಿನದಲ್ಲಿ, ಯಾವ ಲೆಕ್ಕದಲ್ಲಿ ದುಡ್ಡು ವಾಪಸು; ಕಂತು ತಪ್ಪಿಸಿದವರಿಗೆ ಎಷ್ಟು ಬಡ್ಡಿ, ಎಷ್ಟು ಕಂತು ತಪ್ಪಿದರೆ ಪಾಲು ಬೇರೆಯವರಿಗೆ; ಅಂದಾಜು ಮೀರಿದರೆ ಶೇಕಡಾ ಎಷ್ಟರವರೆಗೆ ಸಮಿತಿ ಒಪ್ಪಬಹುದು, ಅದರ ಮೇಲೆ ಎಲ್ಲರ ಸಭೆ. ಇವಿಷ್ಟೂ ಅಂಕಿಯಲ್ಲಿ ಇರಲಿ. 'ಪರಸ್ಪರ ಮಾತುಕತೆಯಿಂದ' ಎಂದು ಬರೆದ ಕಡೆಯೆಲ್ಲ ಮುಂದೆ ಜಗಳ ಹುಟ್ಟುತ್ತದೆ.

ಕ್ರಯಪತ್ರ ಎಂಟು ಹೆಸರಿನ ಒಂದೇ ಪತ್ರವಾಗುವುದು ಬೇಡ. ಮಾರುವವರಿಂದ ಪ್ರತಿ ಕುಟುಂಬಕ್ಕೂ ಅವಿಭಾಜ್ಯ ಪಾಲಿನ ಬೇರೆ ಬೇರೆ ಕ್ರಯಪತ್ರ ಮಾಡಿಸಿ. ಕಾರಣ ಸರಳ: ಬ್ಯಾಂಕು ಸಾಲಕ್ಕೆ ಮೂಲ ಪತ್ರ ಕೇಳುತ್ತದೆ. ಒಂದೇ ಪತ್ರವಿದ್ದರೆ ಮೊದಲು ಹೋದವರು ಅದನ್ನು ಅಡವಿಟ್ಟು ಬರುತ್ತಾರೆ, ಉಳಿದ ಏಳು ಮಂದಿಗೆ ಇಡಲು ಏನೂ ಇರುವುದಿಲ್ಲ. ಬೇರೆ ಪತ್ರಗಳಿದ್ದರೂ ಎಲ್ಲರೂ ಒಂದೇ ಬ್ಯಾಂಕಿನ ಒಂದೇ ಶಾಖೆಗೆ ಹೋಗುವುದು ಲೇಸು, ವಕೀಲರ ಪರಿಶೀಲನೆ ಒಂದೇ ಸಲಕ್ಕೆ ಮುಗಿಯುತ್ತದೆ. ರಿಸರ್ವ್ ಬ್ಯಾಂಕ್ ಮಿತಿಯಂತೆ 30 ಲಕ್ಷದವರೆಗಿನ ಸಾಲಕ್ಕೆ ಮನೆ ಬೆಲೆಯ ಶೇ. 90, 75 ಲಕ್ಷದವರೆಗೆ ಶೇ. 80, ಅದರ ಮೇಲೆ ಶೇ. 75. ನೋಂದಣಿ ಖರ್ಚು ಈ ಬೆಲೆಯಲ್ಲಿ ಸೇರುವುದಿಲ್ಲ. ಮೇಲಿನ ಲೆಕ್ಕಕ್ಕೆ ಹೆಚ್ಚೆಂದರೆ 65.7 ಲಕ್ಷ ಸಾಲ, ಕೈಯಿಂದ 20 ಲಕ್ಷ. ಆದರೆ ಜಮೀನಿನ ದುಡ್ಡು ಮೊದಲೇ ಬೇಕು, ಕಟ್ಟಡದ ಸಾಲ ಹಂತ ಹಂತವಾಗಿ ಬರುತ್ತದೆ. ಎಂಟರಲ್ಲಿ ಇಬ್ಬರ ಸಾಲ ತಡವಾದರೂ ಎಲ್ಲರ ಕೆಲಸ ನಿಲ್ಲುತ್ತದೆ. ಮೂರು ತಿಂಗಳ ಕಂಟ್ರಾಕ್ಟರ್ ಬಿಲ್ಲಿನಷ್ಟು ಜಂಟಿ ಖಾತೆಯಲ್ಲಿ ಇಟ್ಟುಕೊಂಡೇ ಪಾಯ ತೋಡಿಸಿ.

ಎಂಟು ಮಂದಿ ಎಲ್ಲ ಕಚೇರಿಗೂ ಅಲೆಯಲಾಗದು, ಇಬ್ಬರಿಗೆ ಜಿಪಿಎ, ಅಂದರೆ ಎಲ್ಲರ ಪರವಾಗಿ ಸಹಿ ಹಾಕುವ ಅಧಿಕಾರ ಪತ್ರ ಕೊಡಿ. ಅದರಲ್ಲಿ ಪ್ಲಾನ್ ಮಂಜೂರಾತಿ, ನೀರು, ಕರೆಂಟು, ಕಂಟ್ರಾಕ್ಟು ಇಷ್ಟೇ ಇರಲಿ. ಟೈಪಿಸ್ಟರ ಹಳೆಯ ಮಾದರಿಯಲ್ಲಿ 'ಮಾರಾಟ, ಅಡಮಾನ' ಎಂಬ ಪದಗಳು ತಾವಾಗಿಯೇ ಬಂದು ಕೂತಿರುತ್ತವೆ, ಓದಿ ತೆಗೆಸಿ.

ಯಾರಿಗೆ ಯಾವ ಮನೆ ಎಂಬುದು ಪ್ಲಾನಿಗೆ ಮೊದಲೇ ಇತ್ಯರ್ಥವಾಗಲಿ. ಚೀಟಿ ಎತ್ತುವುದಕ್ಕಿಂತ ಮೂಲೆಮನೆ, ಮೇಲಂತಸ್ತು, ಪೂರ್ವದ ಬಾಗಿಲಿಗೆ ವ್ಯತ್ಯಾಸದ ದರ ಕಟ್ಟಿ ಆರಿಸಿಕೊಳ್ಳುವುದು ವಾಸಿ, ಆಮೇಲೆ ಕೊರಗು ಉಳಿಯುವುದಿಲ್ಲ. ಈ ಹಂಚಿಕೆಯ ಪತ್ರಕ್ಕೆ ಎಷ್ಟು ಮುದ್ರಾಂಕ ಬೀಳುತ್ತದೆ ಎಂದು ವಕೀಲರಿಂದ ಮೊದಲೇ ಲಿಖಿತವಾಗಿ ಪಡೆಯಿರಿ. ಡೀಡ್ ಆಫ್ ಡಿಕ್ಲರೇಷನ್‌ನಲ್ಲಿ ಪ್ರತಿ ಮನೆಯ ಅವಿಭಾಜ್ಯ ಪಾಲಿನ ಶೇಕಡಾವಾರು ಬರೆದ ಮೇಲೆ ಎಲ್ಲರೂ ಒಪ್ಪದೆ ಅದನ್ನು ಬದಲಾಯಿಸುವಂತಿಲ್ಲ. ಒಂದೇ ಒಂದು ಮನೆಯವರು ಒಪ್ಪದಿದ್ದರೂ ತಪ್ಪು ಅಂಕಿ ಹಾಗೇ ಉಳಿಯುತ್ತದೆ. ಆರ್ಕಿಟೆಕ್ಟು ಅಳೆದು ಕೊಟ್ಟ ವಿಸ್ತೀರ್ಣವನ್ನು ಇಬ್ಬರು ಕೂತು ಕೂಡಿ ನೋಡಿ, ಮೊತ್ತ ಸರಿಯಾಗಿ ನೂರು ಬರಬೇಕು.

ಇನ್ನು ರೇರಾ, ಅಂದರೆ ಬಿಲ್ಡರುಗಳ ಮೇಲೆ ನಿಯಂತ್ರಣ ಇಡುವ ರಿಯಲ್ ಎಸ್ಟೇಟ್ ಕಾಯ್ದೆಯ ಮಾತು. 2016ರ ಈ ಕಾಯ್ದೆಯಲ್ಲಿ ಜಮೀನು 500 ಚದರ ಮೀಟರ್ ಮೀರದಿದ್ದರೆ, ಅಥವಾ ಮನೆಗಳು ಎಂಟು ಮೀರದಿದ್ದರೆ ಯೋಜನೆಯ ನೋಂದಣಿ ಬೇಡ. 60×90 ನಿವೇಶನ 501.7 ಚದರ ಮೀಟರ್, ಕೂದಲೆಳೆಯಲ್ಲಿ ಮಿತಿ ದಾಟುತ್ತದೆ. ಅಲ್ಲಿ ನಿಮ್ಮನ್ನು ಕಾಯುವುದು ಎಂಟು ಎಂಬ ಸಂಖ್ಯೆ. ಖರ್ಚು ತೂಗಿಸಲು ಒಂಬತ್ತನೆಯ ಮನೆ ಕಟ್ಟಿ ಹೊರಗಿನವರಿಗೆ ಮಾರುವ ಯೋಚನೆ ಬಂದರೆ ನೀವು ಪ್ರವರ್ತಕರಾಗುತ್ತೀರಿ, ಬಿಲ್ಡರಿಗಿರುವ ಹೊಣೆಯೆಲ್ಲ ನಿಮ್ಮ ತಲೆಗೆ ಬರುತ್ತದೆ.

ಈ ದಾರಿಯ ದೊಡ್ಡ ಕೊರತೆ ಮುಂದಿನ ತಲೆಮಾರಿನದು. ಮನೆ ಪೂರ್ತಿ ನಿಮ್ಮದು, ಮಾರುವ ಹಕ್ಕೂ ಪೂರ್ತಿ ನಿಮ್ಮದು. 'ಮಾರುವುದಾದರೆ ಮೊದಲು ಗುಂಪಿಗೆ ಹೇಳಬೇಕು, 60 ದಿನ ಕಾಯಬೇಕು' ಎಂದು ಬರೆಸಬಹುದು. ಮಾರಲೇಬಾರದು ಎಂದರೆ ಆಸ್ತಿ ವರ್ಗಾವಣೆ ಕಾಯ್ದೆಯ 10ನೇ ಕಲಮಿನ ಮುಂದೆ ಅಂಥ ಷರತ್ತು ನಿಲ್ಲುವುದಿಲ್ಲ. ಇಪ್ಪತ್ತು ವರ್ಷದಲ್ಲಿ ಅರ್ಧ ಮನೆ ಮಾರುಕಟ್ಟೆ ಬೆಲೆಗೆ ಹೋಗಿರುತ್ತವೆ ಎಂದು ಒಪ್ಪಿಕೊಂಡೇ ಇದನ್ನು ಆರಿಸಿ.

ಎರಡನೇ ದಾರಿ: ಗೃಹ ನಿರ್ಮಾಣ ಸಹಕಾರ ಸಂಘ

ಹಾಳೆಯ ಮೇಲೆ ಇದು ಎಲ್ಲಕ್ಕಿಂತ ಚೆನ್ನಾದ ದಾರಿ. 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯಲ್ಲಿ ಒಬ್ಬ ಸದಸ್ಯನಿಗೆ ಒಂದೇ ಮತ, ಪಾಲು ಎಷ್ಟೇ ದೊಡ್ಡದಿರಲಿ. ವರ್ಷವರ್ಷ ಲೆಕ್ಕ ತಪಾಸಣೆ, ಐದು ವರ್ಷಕ್ಕೊಮ್ಮೆ ಚುನಾವಣೆ, ಜಗಳವಾದರೆ 70ನೇ ಕಲಮಿನಡಿ ಸಹಕಾರ ಇಲಾಖೆಯ ಮುಂದೆಯೇ ದಾವೆ. ಜಮೀನು ಸಂಘದ ಹೆಸರಿನಲ್ಲೇ ಉಳಿದರೆ ಯಾರಿಗೆ ವರ್ಗಾಯಿಸಬಹುದು ಎಂಬ ನಿಯಮವನ್ನು ಉಪವಿಧಿಯಲ್ಲಿ (ಸಂಘದ ಸ್ವಂತ ನಿಯಮಾವಳಿಯಲ್ಲಿ) ಹಾಕಬಹುದು. ಅಂಥ ನಿರ್ಬಂಧ ನಿಲ್ಲುತ್ತದೆ ಎಂದು ಸುಪ್ರೀಂ ಕೋರ್ಟು 2005ರಲ್ಲಿ ಅಹಮದಾಬಾದಿನ ಪಾರ್ಸಿ ಸಂಘದ ಪ್ರಕರಣದಲ್ಲಿ ಹೇಳಿದೆ. ಅಲ್ಲಿ ಆ ಅಧಿಕಾರ ಬಳಕೆಯಾದದ್ದು ಧರ್ಮದ ಬೇಲಿ ಹಾಕಲು. ಅದು ಯಾರಿಗೂ ಮಾದರಿಯಾಗಬಾರದು. ಅದೇ ಅಧಿಕಾರವನ್ನು ಬೆಲೆ ಕಟ್ಟಿಹಾಕಲು, ಸ್ವಂತ ಮನೆಯಿಲ್ಲದವರಿಗೇ ವರ್ಗಾವಣೆ ಎಂದು ನಿಯಮ ಮಾಡಲು ಬಳಸುವುದು ಸಹಕಾರ ತತ್ವಕ್ಕೆ ಹತ್ತಿರ.

ನೆಲದ ಮೇಲೆ ನಡೆದದ್ದೇ ಬೇರೆ. ಮುಂಬೈಯಲ್ಲಿ ಕಟ್ಟಡ ಸಂಘದ್ದು, ಸದಸ್ಯರ ಕೈಯಲ್ಲಿರುವುದು ಷೇರು ಪತ್ರ, ಬ್ಯಾಂಕುಗಳಿಗೆ ಅದು ರೂಢಿ. ಬೆಂಗಳೂರಿನ ಸಂಘಗಳು ಬಡಾವಣೆ ಮಾಡಿ ಸೈಟು ಕ್ರಯಕ್ಕೆ ಕೊಟ್ಟು ಕೈತೊಳೆದುಕೊಂಡವು. ಮೊದಲ ಸದಸ್ಯರಿಗೆ ಅಗ್ಗವಾಯಿತು, ಅವರ ಮರುಮಾರಾಟದಲ್ಲೇ ಆ ಅಗ್ಗ ಮುಗಿಯಿತು. 1980ರ ದಶಕದಲ್ಲಿ ಸಂಘಗಳಿಗಾಗಿ ಸರ್ಕಾರ ರೈತರ ಭೂಮಿ ಸ್ವಾಧೀನ ಮಾಡಿಕೊಟ್ಟ ಕಾಲದಲ್ಲಿ ಮಧ್ಯವರ್ತಿಗಳು ನುಗ್ಗಿದರು. ಎಚ್‌ಎಂಟಿ ನೌಕರರ ಸಂಘದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1995ರಲ್ಲಿ ಸ್ವಾಧೀನವನ್ನೇ ರದ್ದು ಮಾಡಿದ್ದು ಇದಕ್ಕೇ.

ಇರುವ ಸಂಘಕ್ಕೆ ಸೇರುವುದಾದರೆ ನಾಲ್ಕು ಕಾಗದ ಕೇಳಿ: ಕಳೆದ ಮೂರು ವರ್ಷದ ಆಡಿಟ್ ವರದಿ, ಜ್ಯೇಷ್ಠತಾ ಪಟ್ಟಿ (ಹಂಚಿಕೆಯಲ್ಲಿ ಸದಸ್ಯರ ಸರದಿ), ಸಂಘದ ಹೆಸರಿಗಿರುವ ನೋಂದಾಯಿತ ಕ್ರಯಪತ್ರ, ಮಂಜೂರಾದ ಬಡಾವಣೆ ನಕ್ಷೆ. ಕ್ರಯಪತ್ರದ ಬದಲು 'ಡೆವಲಪರ್ ಜೊತೆ ಒಪ್ಪಂದವಾಗಿದೆ' ಎಂದರೆ, ಇಲ್ಲವೇ ಪಟ್ಟಿಯಲ್ಲಿ 2,000 ಹೆಸರಿದ್ದು ನಕ್ಷೆಯಲ್ಲಿ 300 ಸೈಟಿದ್ದರೆ ಎದ್ದು ಬನ್ನಿ. ಹೊಸದಾಗಿ ಕಟ್ಟುವ ಸಂಘವೂ ಸದಸ್ಯರಿಗೆ ಫ್ಲ್ಯಾಟು ಕಟ್ಟಿಕೊಡುವಾಗ ರೇರಾ ಲೆಕ್ಕದಲ್ಲಿ ಪ್ರವರ್ತಕನೇ, ಸಹಕಾರಿ ಎಂಬ ಹೆಸರಿಗೆ ವಿನಾಯಿತಿ ಇಲ್ಲ. ಇಪ್ಪತ್ತೈದು ಮೂವತ್ತು ಕುಟುಂಬಗಳಿದ್ದು, ಲೆಕ್ಕ ಬಲ್ಲ ಇಬ್ಬರು ಐದು ವರ್ಷ ಸಂಬಳವಿಲ್ಲದೆ ದುಡಿಯಲು ತಯಾರಿದ್ದರೆ ಮಾತ್ರ ಈ ದಾರಿ ಹಿಡಿಯಿರಿ. ಸಾಲ ಕೊಡುವ ಬ್ಯಾಂಕಿನ ಒಪ್ಪಿಗೆ ಪತ್ರ ಜಮೀನಿಗೆ ಮೊದಲು ಕೈಯಲ್ಲಿರಲಿ.

ಮೂರನೆಯದು: ಟ್ರಸ್ಟು ಅಥವಾ ಕಂಪನಿ ಮಾಲೀಕ, ನಿವಾಸಿ ಬಾಡಿಗೆದಾರ

ನಿವೃತ್ತರ ಗುಂಪಿಗೆ, ಕೈಯಲ್ಲಿ ದುಡ್ಡಿದ್ದು ಸಾಲ ಬೇಡದವರಿಗೆ ಹೊಂದುತ್ತದೆ. ಮನೆ ವಾರಸುದಾರರಿಗೆ ಹೋಗದು, ಹೋಗಬೇಕಾದದ್ದು ನಿವಾಸಿ ಸೇರುವಾಗ ಕಟ್ಟಿದ ಠೇವಣಿ ಮಾತ್ರ. ಆರೋವಿಲ್ಲಿನಲ್ಲಿ ಮನೆಗಳು ಫೌಂಡೇಶನ್ನಿನವು, ಇರುವವರು ನೋಡಿಕೊಳ್ಳುವವರು ಅಷ್ಟೇ. ಅದೇ ತರ್ಕ. ನಿವಾಸಿಯ ಬಳಿ ಅಡವಿಡಲು ಏನೂ ಇರುವುದಿಲ್ಲವಾದ್ದರಿಂದ ಗೃಹಸಾಲ ಸಿಗುವುದಿಲ್ಲ. ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಾಯಿಸಲೇಬೇಕು, ಹನ್ನೊಂದು ತಿಂಗಳ ಕರಾರಿನ ಮೇಲೆ ಎಪ್ಪತ್ತರ ವಯಸ್ಸಿನವರನ್ನು ಇರಿಸುವುದು ಅನ್ಯಾಯ. ಇಲ್ಲಿ ಕೆಡುವುದು ಒಂದೇ ಕಡೆ: ಟ್ರಸ್ಟಿಗಳು ಮೂವರೇ ಇದ್ದು, ಅವರೇ ತಮ್ಮ ಉತ್ತರಾಧಿಕಾರಿಗಳನ್ನು ನೇಮಿಸುವಂತಿದ್ದರೆ. ಅರ್ಧಕ್ಕಿಂತ ಹೆಚ್ಚು ಟ್ರಸ್ಟಿಗಳನ್ನು ನಿವಾಸಿಗಳು ಆರಿಸುವಂತೆ ಪತ್ರದಲ್ಲೇ ಬರೆಸಿ.

ನಾಲ್ಕನೆಯದು: ಬಿಲ್ಡರ್ ಜೊತೆ ಗುಂಪಾಗಿ

ದುಡಿಯುವ ದಂಪತಿಗಳೇ ಇರುವ, ಕಾಮಗಾರಿ ನೋಡಲು ಯಾರಿಗೂ ಹೊತ್ತಿಲ್ಲದ ಗುಂಪಿಗೆ ಇದು ತಪ್ಪಲ್ಲ. ಚಿಕ್ಕ ಯೋಜನೆಯೊಂದರಲ್ಲಿ ಒಂದು ಇಡೀ ಬ್ಲಾಕ್ ಹಿಡಿದು, ಪ್ಲಾನ್ ಹಂತದಲ್ಲೇ ಎಲ್ಲರ ಕೋಣೆ, ಅಗಲದ ಪಡಸಾಲೆ ಹಾಕಿಸಿಕೊಳ್ಳಬಹುದು. ಒಪ್ಪಂದ ನೋಂದಣಿಗೆ ಮೊದಲು ಶೇ. 10ಕ್ಕಿಂತ ಹೆಚ್ಚು ಕೊಡಬೇಡಿ, ರೇರಾ ಅದಕ್ಕೆ ಅವಕಾಶವನ್ನೇ ಕೊಟ್ಟಿಲ್ಲ. ಕಟ್ಟಡದ ದೋಷಕ್ಕೆ ಮನೆ ಕೈಗೆ ಕೊಟ್ಟ ದಿನದಿಂದ ಐದು ವರ್ಷ ಬಿಲ್ಡರ್ ಹೊಣೆ. ನೀವೇ ಕಟ್ಟಿಸುವಾಗ ಈ ಹೊಣೆ ಕಂಟ್ರಾಕ್ಟರ್ ಮೇಲೆ ತಾನಾಗಿ ಬರುವುದಿಲ್ಲ, ಕಂಟ್ರಾಕ್ಟಿನಲ್ಲಿ ಬಿಲ್ಲಿನ ಶೇ. 5 ಹಿಡಿದಿಟ್ಟುಕೊಂಡು ನೀವೇ ಹುಟ್ಟಿಸಿಕೊಳ್ಳಬೇಕು. ಕಾರ್ಪೆಟ್ (ಮನೆಯೊಳಗಿನ ಬಳಕೆಯ ಜಾಗ) 60 ಚದರ ಮೀಟರಿನೊಳಗೆ, ಬೆಲೆ 45 ಲಕ್ಷದೊಳಗೆ ಇದ್ದರೆ ಜಿಎಸ್‌ಟಿ ಶೇ. 1 ಮಾತ್ರ, ಮೈಸೂರು, ಹುಬ್ಬಳ್ಳಿಯಂಥ ಕಡೆ ಅಳತೆ 90 ಚದರ ಮೀಟರ್.

ಐದನೆಯದು: ಸರ್ಕಾರದ ಫ್ಲ್ಯಾಟು

ವರ್ಷದ ಆದಾಯ 3 ಲಕ್ಷದೊಳಗಿನ ಕುಟುಂಬಕ್ಕೆ ಮೇಲಿನ ಯಾವ ದಾರಿಯೂ ದಾರಿಯಲ್ಲ, ಇದೊಂದೇ. 2024ರ ಸೆಪ್ಟೆಂಬರಿನಲ್ಲಿ ಶುರುವಾದ ಪ್ರಧಾನ ಮಂತ್ರಿ ಆವಾಸ್ ಯೋಜನೆ (ಪಿಎಂಎವೈ) ನಗರ 2.0ರಲ್ಲಿ 3, 6, 9 ಲಕ್ಷದ ಮೂರು ಆದಾಯ ಮಿತಿಗಳಿವೆ, ದೇಶದಲ್ಲಿ ಎಲ್ಲೂ ಪಕ್ಕಾ ಮನೆ ಇರಬಾರದು. ಬಡ್ಡಿ ಸಹಾಯಧನದ ಭಾಗ 35 ಲಕ್ಷದೊಳಗಿನ ಮನೆಗೆ, 1.80 ಲಕ್ಷದವರೆಗೆ. ಬೆಂಗಳೂರಿನಲ್ಲಿ ಆ ಬೆಲೆಗೆ ಮನೆ ಹುಡುಕುವುದು ಕಷ್ಟ, ದಾವಣಗೆರೆ ಶಿವಮೊಗ್ಗದಲ್ಲಿ ಆಗುತ್ತದೆ. ನೆರೆಹೊರೆ ಯಾರೆಂಬುದು ಲಾಟರಿಯಲ್ಲಿ ತೀರ್ಮಾನವಾಗುತ್ತದೆ, ಆದ್ದರಿಂದ ಸಮುದಾಯ ಕಟ್ಟುವ ಕೆಲಸ ಕೀಲಿ ಸಿಕ್ಕ ಮೇಲಿನದು. ಪ್ರತಿ ಬ್ಲಾಕಿಗೆ ಸಂಘ ಮಾಡಿಕೊಂಡು ಮೊದಲ ತಿಂಗಳಿನಿಂದಲೇ ಲಿಫ್ಟು ಪಂಪಿಗೆ ವಂತಿಗೆ ಎತ್ತಿ. ಲಿಫ್ಟು ನಿಂತು ಆರು ತಿಂಗಳಾದ ಮೇಲೆ ಎತ್ತುವ ವಂತಿಗೆಗೆ ಯಾರೂ ಕೈ ಎತ್ತುವುದಿಲ್ಲ.

ಪಾಲಿಕೆ ಜಮೀನು ಕೊಟ್ಟರೆ

ಜಮೀನಿನ 59 ಪಾಲನ್ನು ಇಳಿಸಬಲ್ಲವರು ನಗರಾಡಳಿತದವರು ಮಾತ್ರ. ಜ್ಯೂರಿಕ್ ನಗರ ಸಹಕಾರ ಸಂಘಗಳಿಗೆ ಜಮೀನನ್ನು ದೀರ್ಘ ಗುತ್ತಿಗೆಗೆ ಕೊಡುತ್ತದೆ. 2050ರ ಹೊತ್ತಿಗೆ ಬಾಡಿಗೆ ಮನೆಗಳಲ್ಲಿ ಮೂರನೇ ಒಂದು ಭಾಗ ಲಾಭರಹಿತ ಇರಬೇಕು ಎಂದು 2011ರಲ್ಲಿ ಅಲ್ಲಿನ ಜನ ಮತ ಹಾಕಿ ತೀರ್ಮಾನಿಸಿದರು. ಕಾಲ್ಕ್‌ಬ್ರೈಟೆ ಎಂಬ ಸಂಘ ಟ್ರಾಮು ನಿಲ್ಲಿಸುವ ಡಿಪೋದ ನೆತ್ತಿಯ ಮೇಲೆಯೇ 2014ರಲ್ಲಿ ಮನೆ ಕಟ್ಟಿತು. ನಮ್ಮ ಬಸ್ ಡಿಪೋಗಳ ಮೇಲಿನ ಖಾಲಿ ಆಕಾಶವನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ನಗರ ಕೌನ್ಸಿಲ್ ತನ್ನ ಜಮೀನನ್ನು ನಿವಾಸಿಗಳ ಗುಂಪಿಗೆ ಹೊಂದುವ ಡೆವಲಪರನ್ನು ಆರಿಸಿ ಕೊಟ್ಟಿದ್ದರಿಂದ 42 ಮನೆಗಳ ಮಾರ್ಮಲೇಡ್ ಲೇನ್ 2018ರ ಕೊನೆಗೆ ಮುಗಿಯಿತು. ಕಾರುಗಳು ಅಂಚಿನಲ್ಲೇ ನಿಲ್ಲುತ್ತವೆ, ನಡುವಿನ ಓಣಿ ಮಕ್ಕಳದು. ಮನೆಗಳು ಚೆನ್ನಾಗಿವೆ, ಆದರೆ ಮಾರಾಟ ಮಾರುಕಟ್ಟೆ ಬೆಲೆಗೆ. ಲೀಡ್ಸ್‌ನ ಲೈಲಾಕ್‌ನಲ್ಲಿ 20 ಮನೆ, ಜಮೀನು ಸಂಘದ್ದು, ಸದಸ್ಯರು ಕಟ್ಟುವುದು ತಮ್ಮ ನಿವ್ವಳ ಆದಾಯದ ಶೇ. 35. ಸೇರಿ ಬಾಳುವುದೂ ಕೈಗೆಟಕುವ ಬೆಲೆಯೂ ಬೇರೆ ಬೇರೆ ಸಂಗತಿಗಳು ಎಂಬುದು ಇವೆರಡನ್ನು ಅಕ್ಕಪಕ್ಕ ಇಟ್ಟರೆ ಕಣ್ಣಿಗೆ ಕಾಣುತ್ತದೆ. ಬೆಲೆ ಕೈಗೆಟಕಬೇಕಾದರೆ ಜಮೀನು ಮಾರುಕಟ್ಟೆಯಿಂದ ಹೊರಗಿರಲೇಬೇಕು. ಅಲ್ಲಿ ಕೌನ್ಸಿಲ್ಲುಗಳು ಸ್ಥಳೀಯ ಒಳಿತಿಗಾಗಿ 20 ಲಕ್ಷ ಪೌಂಡಿನವರೆಗೆ ಕಡಿಮೆ ಬೆಲೆಗೆ ಜಮೀನು ಕೊಡಲು 2003ರಿಂದಲೇ ಸಾಮಾನ್ಯ ಅನುಮತಿ ಇದೆ.

2025ರ ಸೆಪ್ಟೆಂಬರಿನಿಂದ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳಿವೆ. ವಾರ್ಡಿನಲ್ಲಿ ಕೇಳುವುದಾದರೆ 'ನಮಗೆ ಮನೆ ಕೊಡಿ' ಎನ್ನುವುದಕ್ಕಿಂತ ಅರ್ಜಿಯಲ್ಲಿ ಮೂರು ಮಾತು ಬರೆಯಿರಿ: ಹರಾಜಿಗಿಡುವ ಮೂಲೆ ನಿವೇಶನಗಳಲ್ಲಿ ಒಂದು ಪಾಲನ್ನು ನಿಗದಿತ ಬೆಲೆಯ ದೀರ್ಘ ಗುತ್ತಿಗೆಗೆ ಇಡುವುದು, ಹೆಚ್ಚು ದುಡ್ಡು ಕೂಗಿದವರ ಬದಲು ಒಳ್ಳೆಯ ಯೋಜನೆ ತಂದ ಸಹಕಾರ ಸಂಘಕ್ಕೆ ಕೊಡುವುದು, ಮರುವರ್ಗಾವಣೆಯ ಬೆಲೆಯನ್ನು ಗುತ್ತಿಗೆ ಪತ್ರದಲ್ಲೇ ಕಟ್ಟಿಹಾಕುವುದು.

ಮುಂಗಡಕ್ಕೆ ಮೊದಲು, ಪ್ಲಾನಿಗೆ ಮೊದಲು

ದಾರಿ ಯಾವುದೇ ಇರಲಿ, ಕಾಗದ ನೋಡುವ ಕೆಲಸ ಒಂದೇ. ಮೂವತ್ತು ವರ್ಷದ ಇಸಿ (ಋಣಭಾರ ಪತ್ರ) ತೆಗೆಸಿ. 2004ರ ಈಚಿನದು ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಸಿಗುತ್ತದೆ, ಹಿಂದಿನದಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿ. ಮೂಲ ಪತ್ರ, ವಂಶವೃಕ್ಷ, ಭೂಪರಿವರ್ತನೆ ಆದೇಶ, ಇ-ಖಾತೆ. ಮಂಜೂರಾತಿ ಭೂಮಿಯೇ ಎಂದು ತಪ್ಪದೆ ನೋಡಿ: ಪರಿಶಿಷ್ಟರಿಗೆ ಸರ್ಕಾರ ಕೊಟ್ಟ ಜಮೀನಾಗಿದ್ದರೆ ಅಂಥ ಜಮೀನಿನ ಪರಭಾರೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆಯಡಿ ಎಷ್ಟು ವರ್ಷದ ಮೇಲೂ ಅದು ಅವರ ಕುಟುಂಬಕ್ಕೆ ಹಿಂದಿರುಗಬಹುದು, 2023ರ ತಿದ್ದುಪಡಿ ಕಾಲಮಿತಿಯ ವಾದವನ್ನೂ ಮುಚ್ಚಿದೆ. ಅದು ಅವರ ನ್ಯಾಯದ ಹಕ್ಕು, ಅಂಥ ಜಮೀನು ಮುಟ್ಟಬೇಡಿ. ಪ್ಲಾನು ಮೀರಿ ಅರ್ಧ ಅಂತಸ್ತು ಎತ್ತುವ ಆಸೆಯೂ ಬೇಡ. ಒಸಿ (ವಾಸಕ್ಕೆ ಅನುಮತಿ ಪತ್ರ) ಇಲ್ಲದೆ ನೀರು, ಕರೆಂಟು ಕೊಡಬಾರದು ಎಂದು ಸುಪ್ರೀಂ ಕೋರ್ಟು 2024ರ ಡಿಸೆಂಬರಿನಲ್ಲಿ ಆದೇಶಿಸಿದೆ.

ಕೊನೆಯದಾಗಿ ಒಂದು ಪೈಪಿನ ವಿಷಯ, ಪ್ಲಂಬರ್ ಬರುವ ಮೊದಲೇ ಹೇಳಬೇಕಾದದ್ದು. ರೂಢಿಯಂತೆ ತಾರಸಿಯ ಟ್ಯಾಂಕಿನಿಂದ ಅಡುಗೆಮನೆಗೊಂದು, ಎರಡು ಬಚ್ಚಲಿಗೆ ಎರಡು, ಬಟ್ಟೆ ಒಗೆಯುವ ಕಡೆಗೊಂದು ಎಂದು ಬೇರೆ ಬೇರೆ ಪೈಪು ಇಳಿಸುತ್ತಾರೆ. ಹಾಗಾದರೆ ಒಂದು ಮನೆಯ ನೀರು ಅಳೆಯಲು ನಾಲ್ಕು ಮೀಟರು ಬೇಕು, ಎಂಟು ಮನೆಗೆ 32. ಯಾರೂ ಹಾಕಿಸುವುದಿಲ್ಲ, ಬೇಸಿಗೆಯಲ್ಲಿ ಟ್ಯಾಂಕರ್ ಬಿಲ್ಲು ಸಮಪಾಲು ಹಂಚುತ್ತಾರೆ, ಇಬ್ಬರೇ ಇರುವ ಅಜ್ಜ ಅಜ್ಜಿ ಆರು ಮಂದಿಯ ಮನೆಯ ನೀರಿಗೂ ದುಡ್ಡು ಕೊಡುತ್ತಾರೆ. ಪ್ರತಿ ಮನೆಗೆ ಬಾಗಿಲ ಪಕ್ಕದ ಶಾಫ್ಟಿನಲ್ಲಿ ಒಂದೇ ಪೈಪು ಒಳಬಂದು, ಅಲ್ಲಿಂದ ಕವಲೊಡೆಯುವಂತೆ ಪ್ಲಂಬಿಂಗ್ ನಕ್ಷೆಯಲ್ಲೇ ಬರೆಸಿ. ಒಂದು ಮೀಟರು, ಒಂದು ವಾಲ್ವು, ಕೈಗೆಟಕುವ ಎತ್ತರದಲ್ಲಿ, ಎಲ್ಲರಿಗೂ ಓದಲು ಬರುವ ಹಾಗೆ.